ಬಂಡೆಯ ಮೇಲಿದ್ದವಳಿಗೆ ಹೇಳಿದ ಒಂದೇ ಪದ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನನ್ನ ಕೈಯಲ್ಲಿದ್ದ ವಾಕಿಟಾಕಿಯಿಂದ ಒಂದು ಪದ ಬಂತು: ‘ಕಿಯೆತಾ.’

ಅಲುಗದೆ ಇದ್ದೇನೆ ಎಂದು ಅದರ ಅರ್ಥ. ಸ್ಪ್ಯಾನಿಷ್ ಪದ. ಹೇಳುತ್ತಿರುವವಳು ಹೆಣ್ಣು ಎಂಬುದೂ ಆ ಪದದ ಕೊನೆಯಲ್ಲೇ ಇದೆ. ಗಂಡಸಾಗಿದ್ದರೆ ‘ಕಿಯೆತೊ’ ಎನ್ನುತ್ತಿದ್ದ. ರಾಮನಗರದ ಹೊರಗಿನ ಒಂದು ಬಂಡೆಯ ಮೈಮೇಲೆ ಅಕ್ಕ ತಮ್ಮ ಇಬ್ಬರು, ಒಬ್ಬೊಬ್ಬರು ಒಂದೊಂದು ಹಗ್ಗದಲ್ಲಿ ಇಳಿಯುತ್ತಿದ್ದರು. ಅಕ್ಕ ಅಲ್ಲಿ ನಿಲ್ಲಬೇಕಾದ ಕಾರಣವೇ ಇರಲಿಲ್ಲ. ತಲೆಯೆತ್ತಿ ನೋಡಿದೆ. ಅರ್ಧ ಬಂಡೆಯ ಎತ್ತರದಲ್ಲಿ, ಒಬ್ಬರು ಕೂರುವಷ್ಟೇ ಅಗಲದ ಒಂದು ಚಾಚಿನ ಮೇಲೆ ಅವಳು ಬೆನ್ನೊತ್ತಿ ಕೂತಿದ್ದಳು. ಒಂದು ಕೈಯನ್ನು ತೀರಾ ನಿಧಾನವಾಗಿ ಬಲಕ್ಕೆ ಚಾಚಿ ತೋರಿಸಿದಳು. ಬಂಡೆಯ ಆ ಅಂಚಿನಾಚೆ ಹೆಜ್ಜೇನಿನ ಹುಟ್ಟುಗಳಿದ್ದವು. ಬೆಳಿಗ್ಗೆ ಅವು ಬಂಡೆಗೆ ಮೆತ್ತಿದ ಕಪ್ಪು ಡಾಂಬರಿನಂತೆ ಸುಮ್ಮನಿದ್ದವು. ಈಗ ಅವುಗಳ ಮೈಮೇಲೆ ಅಲೆ ಏಳುತ್ತಿತ್ತು.

ಅವಳ ಬೆರಳಿಗೂ ಆ ಅಲೆಗೂ ನಡುವೆ ತೆಳ್ಳಗೆ, ಬಿಳಿಯಾಗಿ ಹೊಗೆ ಏರುತ್ತಿತ್ತು.

ಅಕ್ಕ ತಮ್ಮ ಚಿಲಿ ದೇಶದವರು. ಬಂಡೆ ಹತ್ತುವವರಿಗಾಗಿ ಒಂದು ಕೈಪಿಡಿ ಮಾಡುತ್ತಿದ್ದರು; ಹಿಂದಿನ ದಾರಿಯಿಂದ ಮೇಲೆ ಹೋಗಿ, ಹಗ್ಗ ಬಿಟ್ಟು ಇಳಿಯುತ್ತ, ಬಂಡೆಗೆ ಹೊಡೆದಿದ್ದ ಕಬ್ಬಿಣದ ಕೊಂಡಿಗಳು ಗಟ್ಟಿಯಾಗಿವೆಯೇ ಎಂದು ನೋಡಿ ಫೋಟೊ ತೆಗೆಯುವುದು ಅವರ ಕೆಲಸ. ನಾನು ಕುದೂರಿನವಳು, ದುಭಾಷಿ. ನಾಲ್ಕನೆಯವರು ಚನ್ನಪಟ್ಟಣದ ವ್ಯಾನ್ ಡ್ರೈವರ್. ಆ ದಿನ ಅವರಿಗೆ ಓಡಿಸುವುದಕ್ಕಿಂತ ಮುಖ್ಯವಾದ ಕೆಲಸವಿತ್ತು. ಕೆಳಗೆ ನಿಂತು ಹಗ್ಗದ ತುದಿಯನ್ನು ಬಿಗಿಯಾಗಿ ಎಳೆದರೆ ಮೇಲಿನವರ ಇಳಿತ ಅಲ್ಲೇ ನಿಲ್ಲುತ್ತದೆ. ಕೈ ಜಾರಿದರೂ ಬೀಳುವುದಿಲ್ಲ. ಯಾರು ಇಳಿಯಲು ಹೊರಟರೋ ಅವರ ಹಗ್ಗದ ಬುಡಕ್ಕೆ ಹೋಗಿ ಡ್ರೈವರ್ ತುದಿ ಹಿಡಿಯಬೇಕು.

ಯಾರು ಹೊರಟರು ಎಂದು ತಿಳಿಯುವುದೇ ಕಷ್ಟವಾಗಿತ್ತು. ಗಾಳಿಗೆ ವಾಕಿಟಾಕಿಯಲ್ಲಿ ಎರಡು ದನಿಯೂ ಒಂದೇ ಥರ ಕರಕರ ಎನ್ನುತ್ತಿದ್ದವು. ಅದಕ್ಕೆ ಬೆಳಿಗ್ಗೆ ಮೂರೇ ಪದ ಗೊತ್ತು ಮಾಡಿಕೊಂಡೆವು. ಸಿದ್ಧ ಎನ್ನಲು ‘ಲಿಸ್ತಾ’, ತಮ್ಮನಾದರೆ ‘ಲಿಸ್ತೊ’. ನಿಂತಿದ್ದೇನೆ ಎನ್ನಲು ‘ಕಿಯೆತಾ’, ‘ಕಿಯೆತೊ’. ಹಗ್ಗ ಬಿಚ್ಚಿಕೊಂಡೆ ಎನ್ನಲು ‘ಸುವೆಲ್ತಾ’, ‘ಸುವೆಲ್ತೊ’. ಬಂಡೆ ಹತ್ತುವವರು ಸಾಮಾನ್ಯವಾಗಿ ‘ಲಿಬ್ರೆ’ ಎನ್ನುತ್ತಾರಂತೆ. ಅದು ಹೆಣ್ಣಿಗೂ ಗಂಡಿಗೂ ಒಂದೇ ರೂಪದ ಪದ, ಯಾರೆಂದು ಹೇಳುವುದಿಲ್ಲ. ಬೇಡ ಎಂದು ನಾನೇ ಹೇಳಿದ್ದೆ.

ಡ್ರೈವರ್‌ಗೆ ಇದು ತಮಾಷೆಯಾಗಿತ್ತು. “ಇದೇನವ್ವ ಎಲ್ಲಾ ಉಲ್ಟಾ! ನಮ್ಮಲ್ಲಿ ಕುಳ್ಳ ಅಂದ್ರೆ ಗಂಡ್ಸು, ಕುಳ್ಳಿ ಅಂದ್ರೆ ಹೆಂಗ್ಸು. ರಂಗ, ನಿಂಗ, ಕರಿಯ, ಎಲ್ಲಾ ಗಂಡಸ್ರೇ. ಇವರದ್ರಲ್ಲಿ ಆ ಅಂದ್ರೆ ಹೆಂಗ್ಸಾ?” ಎರಡು ಸಲ ತಪ್ಪಿ, ಆಮೇಲೆ ತಾವೇ ಒಂದು ಗುರುತು ಕಟ್ಟಿಕೊಂಡರು. “ಆ ಅಂದ್ರೆ ಅವ್ವ, ಓ ಅಂದ್ರೆ ಓನರ್ರು. ನಮ್ ವ್ಯಾನ್ ಓನರ್ರು ಗಂಡ್ಸು ತಾನೆ? ಬುಡಿ, ಇನ್ನು ಮರೆಯಕ್ಕಿಲ್ಲ.” ಅಕ್ಕನಿಗೆ ಕೆಂಪವ್ವ, ತಮ್ಮನಿಗೆ ಉದ್ದಪ್ಪ ಎಂದೂ ಹೆಸರಿಟ್ಟಾಗಿತ್ತು. ಅದನ್ನು ಸ್ಪ್ಯಾನಿಷ್‌ಗೆ ತಂದು ಹೇಳಿದಾಗ ಅಕ್ಕ ನಕ್ಕಳು. ಅವರ ಮನೆಯಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ. ಇವನು ಸಣಕಲ, ಇವಳು ಸಣಕಲಿ.

ಬಂಡೆಯ ಬುಡದಲ್ಲಿ ಮುನೇಶ್ವರನ ಕಲ್ಲಿದೆ. ನಾವು ಬಂದಾಗ ಅಲ್ಲಿ ಪರ ಮಾಡಲು ಒಂದು ಮನೆಯವರು ಮಿನಿ ಲಾರಿಯಲ್ಲಿ ಬಂದಿದ್ದರು. ಹರಕೆ ಹೊತ್ತವರು ದೇವರ ಮುಂದೆಯೇ ಕುರಿ ಕಡಿದು, ಅಲ್ಲೇ ಒಲೆ ಹೂಡಿ ಬೇಯಿಸಿ, ಎಡೆ ಇಟ್ಟು ಬಂಧುಬಳಗಕ್ಕೆ ಬಡಿಸುವುದು ನಮ್ಮ ಕಡೆಯ ಪದ್ಧತಿ. ಪರ ಮಾಡುತ್ತಿದ್ದವರು ಮರಳವಾಡಿಯ ಒಬ್ಬ ಹೆಂಗಸು, ಐವತ್ತರ ಮೇಲಿನವರು. ಮಗಳ ಹೆರಿಗೆ ಕಷ್ಟವಾಗಿತ್ತು, ತಾಯಿ ಮಗು ಉಳಿದರೆ ಎಂದು ಹೊತ್ತ ಹರಕೆ. ಹಗ್ಗದ ಕೆಳಗೇ ಒಲೆ ಹೂಡುತ್ತಿದ್ದುದನ್ನು ಕಂಡು ನಾನು ಹೋಗಿ ಕೇಳಿದೆ, ಹೊಗೆ ಮೇಲೆ ಹೋದರೆ ಜೇನು ಏಳಬಹುದು ಅಂತ. ಒಂದು ಮಾತಿಲ್ಲದೆ ಮೂರು ಒಲೆಯ ಕಲ್ಲನ್ನೂ ಎತ್ತಿಸಿ ದೊಡ್ಡ ಗುಂಡುಕಲ್ಲಿನ ಆ ಬದಿಗೆ ಹಾಕಿಸಿದರು. ಗಾಳಿ ಬಂಡೆಯಿಂದ ಆಚೆಗೆ ಬೀಸುತ್ತಿತ್ತು. ನಾಲ್ಕೂ ಜನ ಊಟಕ್ಕೆ ಬರಲೇಬೇಕು ಎಂದರು.

ನಮ್ಮ ಪದಗಳ ಪಾಠವನ್ನೂ ನಿಂತು ಕೇಳಿದರು. ಇಬ್ಬರನ್ನೂ ಸೇರಿಸಿ ಹೇಳುವಾಗ ಗಂಡಿನ ರೂಪವೇ, ‘ಕಿಯೆತೊಸ್’ ಎಂದಾಗ ಸೊಂಟಕ್ಕೆ ಕೈಯಿಟ್ಟರು. “ನೂರ್ ಜನ ಹೆಂಗಸ್ರ ಜೊತೆ ಒಬ್ಬ ಗಂಡ್ಸು ನಿಂತ್ಕಂಡ್ರೆ?”

“ಆಗಲೂ ಹಾಗೆಯೇ.”

“ಥೂ! ಏನ್ ಭಾಷೆ ಕಣಮ್ಮಿ ಅದು. ಅವ್ರು ಅಂದ್ಬುಟ್ರೆ ಎಲ್ರೂ ಬರಕ್ಕಿಲ್ವಾ?”

ಇಷ್ಟು ನಗು ಇದ್ದ ದಿನ ಅದು. ಊಟದ ಹೊತ್ತಿಗೆ ಗಾಳಿ ತಿರುಗಿತು. ನಮ್ಮಲ್ಲಿ ಯಾರೂ ಗಮನಿಸಲಿಲ್ಲ. ಮೊದಲು ಕಂಡವಳು ಬಂಡೆಯ ಮೇಲಿದ್ದವಳು.

ಜೇನು ಎದ್ದುದನ್ನು ನಾನು ಕಣ್ಣಿನಿಂದ ಕಾಣಲಿಲ್ಲ, ಕಿವಿಯಿಂದ ಕೇಳಿದೆ. ದೂರದಲ್ಲಿ ಯಾವುದೋ ಲಾರಿ ಏರು ಹತ್ತುತ್ತಿದೆ ಅನಿಸಿತು. ಆಮೇಲೆ ಆ ಸದ್ದು ತಲೆಯ ಮೇಲಿತ್ತು.

ತಮ್ಮ ಅಕ್ಕನಿಗಿಂತ ಕೆಳಗೆ, ಎಡಗಡೆಯ ಹಗ್ಗದಲ್ಲಿದ್ದ. ಅವನು ಕೂಗಿದ್ದು ಪದವಾಗಿರಲಿಲ್ಲ. ಕೈ ಬೀಸಿದ, ಕಾಲಿನಿಂದ ಬಂಡೆಯನ್ನು ಒದ್ದು ಜಾರಿದ, ವಾಕಿಟಾಕಿ ಅವನ ಸೊಂಟದಿಂದ ಕಳಚಿ ಬಂಡೆಗೆ ಬಡಿದು ಚೂರಾಯಿತು. ಡ್ರೈವರ್ ಓಡಿಹೋಗಿ ಎಡಗಡೆಯ ತುದಿ ಹಿಡಿದರು. ಆಗ ನಾನು ನೋಡಿದ್ದನ್ನು ಇವತ್ತಿಗೂ ನೋಡುತ್ತಿರುತ್ತೇನೆ. ಅವನ ಹಗ್ಗ ಅಲುಗಾಡಿದಷ್ಟೂ ಜೇನು ಅದರ ಸುತ್ತ ದಟ್ಟವಾಗುತ್ತಿತ್ತು. ಅವನು ಇಳಿದಂತೆ ಆ ಕಪ್ಪು ಮೋಡವೂ ಇಳಿಯುತ್ತಿತ್ತು. ಅಕ್ಕ ಹಗ್ಗದ ಚೀಲವನ್ನು ತಲೆಗೆ ಕವುಚಿಕೊಂಡು, ಕೈಗಳನ್ನು ತೊಡೆಯ ಸಂದಿಗೆ ಸೇರಿಸಿ ಮುದುಡಿದ್ದಳು. ಅವಳ ಸುತ್ತಲೂ ಇದ್ದವು, ಆದರೆ ತೆಳ್ಳಗೆ.

ತಮ್ಮ ನೆಲ ಮುಟ್ಟಿದಾಗ ಅವನ ಹಗ್ಗ ಬಿಚ್ಚಿದ್ದು ಡ್ರೈವರ್. ಜಮಖಾನ ಹೊದಿಸಿ ಮಿನಿ ಲಾರಿಯ ಕ್ಯಾಬಿನ್‌ಗೆ ಹಾಕಿದೆವು. ಪರಕ್ಕೆ ಬಂದಿದ್ದ ಹೆಂಗಸರು, ಮಕ್ಕಳು ಆಗಲೇ ಅದರ ಹಿಂದೆ ಟಾರ್ಪಾಲಿನಡಿ ತುಂಬಿಕೊಂಡಿದ್ದರು. ಅವನ ತುಟಿ, ರೆಪ್ಪೆ ಊದಿಕೊಂಡು ಮುಖ ಬೇರೆಯವರದಾಗಿತ್ತು. ನನ್ನ ತೋಳು ಹಿಡಿದುಕೊಂಡು, ತೊದಲುತ್ತ, ಮತ್ತೆ ಮತ್ತೆ ಒಂದೇ ಮಾತು ಹೇಳಿದ: ಅವಳಿಗೆ ಇಳಿ ಅನ್ನು. ಈಗಲೇ ಇಳಿ ಅನ್ನು. ಕೆಳಗೆ ಉಳಿದಿದ್ದ ಒಂದೇ ವಾಕಿಟಾಕಿ ನನ್ನ ಕೈಯಲ್ಲಿತ್ತು.

ಹೂಂ ಎಂದೆ. ಲಾರಿ ಆಸ್ಪತ್ರೆಗೆ ಹೊರಟಿತು. ನಾನು ಹೇಳಿದ್ದೇನೆ ಎಂದೇ ಅವನು ನಂಬಿಕೊಂಡು ಹೋದ.

ದುಭಾಷಿಗೆ ಇರುವುದು ಒಂದೇ ನಿಯಮ. ಕೊಟ್ಟ ಮಾತನ್ನು ಮುಟ್ಟಿಸಬೇಕು, ಕೂಡಿಸಬಾರದು, ಕಳೆಯಬಾರದು. ಗಂಡಸು ದಣಿದಿದ್ದೇನೆ ಎಂದರೆ ನಾನೂ ಸ್ಪ್ಯಾನಿಷ್‌ನಲ್ಲಿ ಗಂಡಸಿನ ರೂಪದಲ್ಲೇ ದಣಿಯಬೇಕು; ಹೆಂಗಸೆಂದರೆ ಹೆಂಗಸಿನ ರೂಪದಲ್ಲಿ. ಅಲ್ಲಿ ನಾನು ಎಂಬವಳು ಇರುವುದೇ ಇಲ್ಲ. ವಾಕಿಟಾಕಿಯ ಗುಂಡಿ ಒತ್ತಿದೆ. ಇಳಿದರೆ ಹಗ್ಗ ಅಲುಗುತ್ತದೆ, ಎರಡೂ ಕೈ ಹೊರಗೆ ಬರುತ್ತವೆ, ತಲೆಯ ಚೀಲ ಬೀಳುತ್ತದೆ. ಇಳಿಯದಿದ್ದರೆ ಸಂಜೆಯವರೆಗೂ ಆ ಬಿಸಿಲಿನಲ್ಲಿ, ಮೈಯಲ್ಲಿ ವಿಷ ಇಟ್ಟುಕೊಂಡು ಕೂತಿರಬೇಕು. ಯಾವುದರಲ್ಲಿ ಅವಳು ಸಾಯುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

“ಕಿಯೆತಾ,” ಎಂದೆ. “ಕಿಯೆತಾ. ಅಲುಗಬೇಡ.”

ಅದು ಯಾರೂ ನನಗೆ ಕೊಟ್ಟಿರದ ಮಾತು.

ಅಷ್ಟರಲ್ಲಿ ಡ್ರೈವರ್ ನನ್ನನ್ನು ಗುಂಡುಕಲ್ಲಿನ ಸಂದಿಗೆ ಎಳೆದುಕೊಂಡು ವ್ಯಾನಿನ ಕಂಬಳಿ ಹೊದಿಸಿದ್ದರು. ಸಂದಿಯಿಂದ ಒಲೆಗಳು ಕಾಣುತ್ತಿದ್ದವು. ಮರಳವಾಡಿಯಮ್ಮ ಲಾರಿ ಹತ್ತಿರಲಿಲ್ಲ. ಸೆರಗನ್ನು ತಲೆ ಮುಖಕ್ಕೆಲ್ಲ ಸುತ್ತಿಕೊಂಡು ಕೊಳಗದ ತುಂಬ ನೀರು ಹಿಡಿದು ಒಲೆಯ ಕಡೆ ನಡೆಯುತ್ತಿದ್ದರು. ನೀರು ಸುರಿದರೆ ಉರಿ ಆರುತ್ತದೆ, ಆದರೆ ಆ ಮೂರೂ ಒಲೆಯ ಹೊಗೆ ಒಂದೇ ಸಲಕ್ಕೆ ಬುಸ್ಸೆಂದು ಬಂಡೆಗೆ ಏರುತ್ತದೆ. ಕೂಗಿದೆ. ಆ ಝೇಂಕಾರದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ವಾಕಿಟಾಕಿಯನ್ನು ಡ್ರೈವರ್ ಕೈಗೆ ತುರುಕಿದೆ. “ಒಂದೇ ಪದ ಹೇಳ್ತಾ ಇರಿ. ನಿಲ್ಲಿಸಬೇಡಿ.”

“ಯಾವ್ದವ್ವ? ಆ ಕಿಯೆತೊ...”

“ಆ! ಆ!”

“ಅವ್ವ. ಕಿಯೆತಾ. ಗೊತ್ತಾಯ್ತು, ಓಗಿ.”

ಕಂಬಳಿ ಹೊದ್ದು ಓಡಿದೆ. ಅಷ್ಟು ದೂರ ಓಡಿದ್ದು ನನಗೆ ನೆನಪಿಲ್ಲ. ಕಾಲಿಗೆ, ಮಣಿಕಟ್ಟಿಗೆ ಕಾದ ಸೂಜಿ ಚುಚ್ಚಿದಂತಾದದ್ದು ನೆನಪಿದೆ. ಕೊಳಗದ ಕಂಠ ಹಿಡಿದು ನಿಲ್ಲಿಸಿದೆ. “ನೀರು ಬೇಡ, ಹೊಗೆ ಏಳುತ್ತೆ. ಮಣ್ಣು ಹಾಕ್ಬೇಕು.”

“ಮಣ್ಣಾ?” ಸೆರಗಿನ ಸಂದಿಯಿಂದ ಅವರ ಕಣ್ಣಷ್ಟೇ ಕಾಣುತ್ತಿತ್ತು. “ಎಡೆ ಇಕ್ಕಿಲ್ಲ ಕಣಮ್ಮಿ. ಎಡೆಗೆ ಮುಂಚೆ ಒಲೆಗೆ ಯಾರಾನಾ ಮಣ್ಣಾಕ್ತಾರಾ? ಕೆಂಡ ಸರಿಸಿ ಒಸಿ ನೀರ್ ಚಿಮುಕಿಸ್ಬುಟ್ಟು, ಆಮೇಲ್ ಮತ್ತೆ ಹಚ್ಚಣ ಅಂತಿದ್ದೆ.”

ಮಣ್ಣು ಹಾಕುವುದು ಎಂದರೆ ನಮ್ಮಲ್ಲಿ ಏನೆಂದು ನನಗೂ ಗೊತ್ತು. ಮಗಳ, ಮೊಮ್ಮಗುವಿನ ಜೀವಕ್ಕೆ ಹೊತ್ತ ಹರಕೆಯ ಒಲೆ ಅದು. ಏನು ಹೇಳಲಿ ಎಂದು ತೋಚದೆ ಬಂಡೆಯ ಕಡೆ ಕೈ ತೋರಿಸಿದೆ. ಅವರು ತಿರುಗಿ ನೋಡಿದರು. ಅಷ್ಟೆತ್ತರದಲ್ಲಿ ಚೀಲ ಕವುಚಿಕೊಂಡು ಕೂತ ಆ ಸಣ್ಣ ಗಂಟನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲವೆಂದು ಕಾಣುತ್ತದೆ.

“ಅಯ್ಯೋ, ಆ ಕೆಂಪವ್ವ ಅಲ್ಲೇ ಅವ್ಳಾ?” ಎಂದರು. ಕೊಳಗ ಕೆಳಗಿಟ್ಟು, ಮುನೇಶ್ವರನ ಕಲ್ಲಿನ ಕಡೆ ಒಮ್ಮೆ ಮುಖ ಮಾಡಿದರು. “ನನ್ನ ಹರಕೆ ನಂದು. ಅದ್ರ ಹೊಗೆ ಇನ್ನೊಬ್ಳ ಮಗಳ ಮೇಲೆ ಬ್ಯಾಡ ಕಣಪ್ಪಾ. ಇನ್ನೊಂದ್ ದಪ ಬತ್ತೀನಿ.” ಮೊದಲ ಬಾಂಡ್ಲಿ ಮಣ್ಣನ್ನು ಅವರೇ ಹಾಕಿದರು. ಬೇಯುತ್ತಿದ್ದ ಹಂಡೆ ಸಮೇತ, ಮೂರೂ ಒಲೆಗೆ, ಇಬ್ಬರೂ ಸೇರಿ ಎಳೆದೆಳೆದು ಹಾಕಿದೆವು. ಹೊಗೆ ಒಮ್ಮೆ ಕೆಮ್ಮಿದಂತೆ ಎದ್ದು, ಸಣ್ಣಗಾಗಿ, ನಿಂತಿತು.

ಸಂದಿಗೆ ವಾಪಸು ಬಂದಾಗ ಡ್ರೈವರ್ ಕಣ್ಣುಮುಚ್ಚಿ, ವಾಕಿಟಾಕಿಯನ್ನು ಬಾಯಿಗೆ ಒತ್ತಿ ಹಿಡಿದು ಹೇಳುತ್ತಲೇ ಇದ್ದರು: “ಕಿಯೆತಾ. ಕಿಯೆತಾ ಕಣವ್ವ. ಅಲ್ಲೇ ಇರು ನಮ್ಮವ್ವ. ಕಿಯೆತಾ.”

ಆಮೇಲೆ ಕಾಯುವುದು. ಹೊಗೆ ನಿಂತ ಮಾತ್ರಕ್ಕೆ ಹೆಜ್ಜೇನು ಗೂಡಿಗೆ ಹೋಗುವುದಿಲ್ಲ. ಅಗ್ನಿಶಾಮಕ ದಳದವರು ಬಂದರು, ವಾಹನವನ್ನು ದೂರದಲ್ಲೇ ನಿಲ್ಲಿಸಿದರು, ಬಂಡೆಯ ಮೇಲಿನ ಬಿಸಿಲು ಹೋಗುವವರೆಗೆ ಯಾರೂ ಹಗ್ಗ ಮುಟ್ಟಬಾರದು ಎಂದರು. ಅದು ನನಗೆ ಧೈರ್ಯ ಕೊಡಬೇಕಾಗಿತ್ತು. ಕೊಡಲಿಲ್ಲ. ಅವರು ನಿರ್ಧಾರ ಮಾಡುವ ಮುಂಚೆಯೇ ನಾನು ಮಾಡಿಬಿಟ್ಟಿದ್ದೆ.

ಅವಳು ಆಗಾಗ ಮಾತಾಡುತ್ತಿದ್ದಳು. ಉಳಿಸಿಕೊಂಡ ಉಸಿರಿಗೆ ಒಂದೊಂದೇ ಪದ. ಊದಿಕೊಂಡಿದ್ದೇನೆ. ಬಾಯಾರಿದ್ದೇನೆ. ಒಂಟಿಯಾಗಿದ್ದೇನೆ, ‘ಸೋಲಾ’. ಪ್ರತಿ ಪದವೂ ಆ ದೀರ್ಘದಲ್ಲಿ ಮುಗಿಯುತ್ತಿತ್ತು. ನಾನು ಅರ್ಥ ಕೇಳುವುದನ್ನು ಬಿಟ್ಟು ಆ ಕೊನೆಯ ‘ಆ’ ಒಂದಕ್ಕೇ ಕಿವಿಗೊಡುತ್ತಿದ್ದೆ, ಅದು ಗಟ್ಟಿಯಾಗಿದೆಯೇ, ಮಧ್ಯಕ್ಕೆ ಮುರಿಯುತ್ತಿದೆಯೇ ಎಂದು. ಒಮ್ಮೆ ‘ಮರೆಆದಾ’ ಎಂದಳು.

ಡ್ರೈವರ್ ನನ್ನ ಕಡೆ ತಿರುಗಿದರು. “ಮರೆಯಾದ ಅಂದ್ರಲ್ಲವ್ವ? ಯಾರು?”

“ಇಲ್ಲ. ತಲೆ ಸುತ್ತುತ್ತಿದೆ ಅಂತ.”

“ಅದೂ ಒಳ್ಳೇದಲ್ಲ,” ಎಂದರು.

ಆಮೇಲೆ ಅವಳು ಏನೂ ಹೇಳಲಿಲ್ಲ. ನಾನು ಕರೆದೆ. ನಾವು ಇಲ್ಲೇ ಇದ್ದೇವೆ ಎಂದೆ, ತಮ್ಮ ಆಸ್ಪತ್ರೆಯಲ್ಲಿದ್ದಾನೆ, ಮಾತಾಡುತ್ತಿದ್ದಾನಂತೆ ಎಂದೆ. ಕರಕರ ಸದ್ದು ಬಿಟ್ಟರೆ ಉತ್ತರವಿಲ್ಲ. ಚಾಚಿನ ಮೇಲಿನ ಗಂಟು ಅಲುಗಲಿಲ್ಲ. ಅಲುಗಬೇಡ ಎಂದವಳು ನಾನೇ. ಅವಳು ನನ್ನ ಮಾತು ಕೇಳಿ ಹಾಗಿದ್ದಾಳೋ, ಕೇಳುವ ಸ್ಥಿತಿ ಮೀರಿ ಹಾಗಿದ್ದಾಳೋ, ಕೆಳಗಿನಿಂದ ನೋಡಿದರೆ ಎರಡೂ ಒಂದೇ. ಮರಳವಾಡಿಯಮ್ಮ ಊದಿದ ಕೈಯಿಂದ ನನ್ನ ಬೆನ್ನು ನೀವುತ್ತ ಕೂತಿದ್ದರು. ತಮ್ಮನಿಗೆ ಏನು ಹೇಳುವುದು ಎಂದು ವಾಕ್ಯ ಕಟ್ಟುತ್ತಿದ್ದೆ. ಅವಳ ವಿಷಯವನ್ನು ಯಾವ ಕಾಲದಲ್ಲಿ ಹೇಳಬೇಕು ಎಂಬಲ್ಲಿಗೆ ಬಂದು ಆ ವಾಕ್ಯ ನಿಂತುಬಿಡುತ್ತಿತ್ತು.

ನೆರಳು ಬಂಡೆಯ ಬುಡದಿಂದ ಮೇಲಕ್ಕೆ ಹತ್ತಿತು. ಚಾಚನ್ನು ದಾಟಿತು. ಝೇಂಕಾರ ತಗ್ಗಿ ದೂರದ ಲಾರಿಯಾಯಿತು, ಆಮೇಲೆ ಅದೂ ಇಲ್ಲ. ಅಗ್ನಿಶಾಮಕದ ಹಿರಿಯರೊಬ್ಬರು ತಲೆಯಾಡಿಸಿದರು. ಡ್ರೈವರ್ ಬಲಗಡೆಯ ಹಗ್ಗದ ಬುಡಕ್ಕೆ ಹೋಗಿ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತರು. ನಾನು ಗುಂಡಿ ಒತ್ತಿ ಕೇಳಿದೆ: “ಲಿಸ್ತಾ?”

ಏನೂ ಇಲ್ಲ.

ಮತ್ತೆ ಕೇಳಿದೆ.

“ಲಿಸ್...” ಎಂದಿತು ವಾಕಿಟಾಕಿ. ಬಹಳ ಹೊತ್ತಾದ ಮೇಲೆ, ಒಣಗಿದ ಗಂಟಲಿನಿಂದ, “...ತಾ.”

“ಅವ್ವ!” ಎಂದು ಡ್ರೈವರ್ ಕೂಗಿದರು.

ಅವಳ ಎರಡೂ ಕಣ್ಣು ಮುಚ್ಚಿಹೋಗಿದ್ದವು. ಕುರುಡಾಗಿಯೇ, ಊದಿದ ಬೆರಳುಗಳಲ್ಲಿ ಹಗ್ಗ ಹಿಡಿದು ಇಳಿದಳು. ಕೈ ಜಾರಿದಾಗಲೆಲ್ಲ ಕೆಳಗಿನಿಂದ ಡ್ರೈವರ್ ಎಳೆದು ನಿಲ್ಲಿಸಿದರು, ಮತ್ತೆ ಸಡಿಲಿಸಿದರು. ನೆಲ ಮುಟ್ಟಿದಾಗ ಅವಳಿಗೆ ಮಾತು ಹೊರಡಲಿಲ್ಲ. ಕೊಂಡಿ ಬಿಚ್ಚಿ ಅವಳ ಪರವಾಗಿ ನಾನೇ ಹೇಳಿದೆ: “ಸುವೆಲ್ತಾ.”

ಆಸ್ಪತ್ರೆಯಲ್ಲಿ ಮಾರನೆಯ ದಿನವೂ ಅವಳಿಗೆ ಗ್ಲೂಕೋಸ್ ಹೋಗುತ್ತಿತ್ತು, ಆದರೆ ಅಪಾಯ ಕಳೆದಿತ್ತು. ತಮ್ಮ ಪಕ್ಕದ ಹಾಸಿಗೆಯಲ್ಲಿದ್ದ. ನಾನು ಇಳಿ ಎಂದು ಹೇಳಲಿಲ್ಲ ಎಂದು ಅವನಿಗೆ ಹೇಳಿದೆ. ಅವನು ಅಕ್ಕನ ಹಾಸಿಗೆಯ ಕಡೆ ಮುಖ ತಿರುಗಿಸಿದ. ಮಾತಾಡಿದವಳು ಅಕ್ಕ. ಆ ಪದ ಕೇಳಿ ಕೇಳಿ ಅಲ್ಲಿ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತೇ ಎಂದಳು. ಇನ್ನೊಬ್ಬರು ಯಾರು, ಗಂಡಸಿನ ದನಿ, ಉಚ್ಚಾರ ಕೆಟ್ಟದಾಗಿತ್ತು, ಆದರೆ ಒಂದು ಸಲವೂ ತಪ್ಪಲಿಲ್ಲ, ಎಂದೂ ಕೇಳಿದಳು. ಆಮೇಲೆ, ನೀನು ಹೇಗಿದ್ದೀಯ ಎಂದಳು.

ವರ್ಷಗಳಿಂದ ಆ ಭಾಷೆಯಲ್ಲಿ ಬೇರೆಯವರ ದಣಿವು, ಸಂತೋಷ, ಸಿಟ್ಟುಗಳನ್ನೆಲ್ಲ ಅವರವರ ರೂಪದಲ್ಲಿ ಹೇಳಿದ್ದೇನೆ. ನನ್ನದೊಂದು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. “ಅಸುಸ್ತಾದಾ,” ಎಂದೆ. ಹೆದರಿದ್ದೇನೆ.

ಅಕ್ಕ ತಮ್ಮ ಚಿಲಿಗೆ ಹೋದರು. ನನಗೆ ನಿದ್ದೆ ಹೋಯಿತು. ಫ್ಯಾನಿನ ಸದ್ದು ತಡೆಯಲಾಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೆ ಎದ್ದು ನಿಲ್ಲುತ್ತಿದ್ದೆ. ಕಣ್ಣು ಹತ್ತಿದರೆ ವಾಕಿಟಾಕಿ ಕೈಯಲ್ಲಿರುತ್ತಿತ್ತು, ಬಾಯಿಗೆ ‘ಇಳಿ’ ಎಂಬ ಪದವೇ ಬಂದುಬಿಡುತ್ತಿತ್ತು, ಎಚ್ಚರವಾಗುತ್ತಿತ್ತು.

ಮರಳವಾಡಿಯಮ್ಮ ಒಂದು ದಿನ ಫೋನ್ ಮಾಡಿ ಪರಕ್ಕೆ ಕರೆದರು. ಬಂಡೆಯ ಹತ್ತಿರ ಎಂದುಕೊಂಡು ನಾನು ನೆಪ ಹೇಳತೊಡಗಿದೆ. “ಅಲ್ಲಲ್ಲ, ಮನೆ ಮುಂದೇನೆ. ಅಲ್ಲಿಂದ ಮುನಿಯಪ್ಪನ ಒಂದು ಕಲ್ಲು ತಂದ್ಕಂಡಿವ್ನಿ. ಗ್ಯಾಸ್ ಒಲೆ ಕಣಮ್ಮಿ ಈ ಸಲ. ಹೊಗೆ ಬೇಕು ಅಂದ್ರೆ ಅವ್ನು ಊದಿನಕಡ್ಡಿ ಹಚ್ಕೊಳ್ಳಿ.” ಹೋದೆ. ಡ್ರೈವರ್ ಮೊದಲೇ ಬಂದು ಕೂತು, ಹೆಣ್ಣಿಗೆ ಆ, ಗಂಡಿಗೆ ಓ ಎಂದು ಮನೆಯವರಿಗೆಲ್ಲ ಪಾಠ ಮಾಡುತ್ತಿದ್ದರು. ಎಡೆ ಇಟ್ಟರು. ಮಗಳು ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಉಂಡು ಮುಗಿಯುವ ಹೊತ್ತಿಗೆ ಮಾಗಡಿ ಕಡೆಗಿನ ಬಸ್ಸು ತಪ್ಪಿತ್ತು. ನಡುಮನೆಯಲ್ಲಿ ಚಾಪೆ ಹಾಸಿಕೊಟ್ಟರು. ತಲೆಯ ಮೇಲೆ ಹಳೆಯ ಫ್ಯಾನು ಗುಂಯ್ಗುಡುತ್ತಿತ್ತು. ಆರಿಸಿ ಎನ್ನಬೇಕೆಂದುಕೊಂಡದ್ದು ನೆನಪಿದೆ. ಅಷ್ಟೇ ನೆನಪಿರುವುದು.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಮರಳವಾಡಿಯಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಏಳಮ್ಮಿ, ಹೊತ್ತು ಮಾರುದ್ದ ಬಂದೈತೆ. ಕೂಸು ಮೂರ್ ಸಲ ಎದ್ದು ಮನೆ ಎತ್ತೋಗೋ ಹಂಗೆ ಅತ್ತದೆ, ನೀನು ಒಂದ್ ದಪಾನೂ ಮಗ್ಗುಲಾಗ್ಲಿಲ್ಲ.” ಲೋಟವನ್ನು ಪಕ್ಕದಲ್ಲಿಟ್ಟರು. “ಕಿಯೆತಾ.”